ಸದ್ದಿಲ್ಲದ ಪೈಲ್ವಾನ

ಹೊಲದ ಬಾವಿಯಿಂದ ನೀರೆತ್ತಲು ಐದು ಅಶ್ವಶಕ್ತಿಯ ಮೋಟರು ಸಾಕಾಗುತ್ತದೆ. ಅಂಥ 134 ಮೋಟರುಗಳನ್ನು ಒಂದೇ ಕಾರಿನ ಹೊಟ್ಟೆಯೊಳಗೆ ತುರುಕಿದರೆ ಹೇಗಿರುತ್ತದೆ? ಅಮೆರಿಕದ ಡಾಡ್ಜ್ ಕಂಪನಿ 2024ರ ಮಾರ್ಚ್‌ನಲ್ಲಿ ಅನಾವರಣ ಮಾಡಿದ ‘ಚಾರ್ಜರ್ ಡೇಟೋನಾ’ ಕಾರಿನ ಗರಿಷ್ಠ ಸಾಮರ್ಥ್ಯ 670 ಅಶ್ವಶಕ್ತಿ. ನಿಂತಲ್ಲಿಂದ ಹೊರಟು ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸು ತಲುಪಲು ಅದಕ್ಕೆ ಬೇಕಾಗುವುದು ಮೂರೂಕಾಲು ಸೆಕೆಂಡು. ನೀವು ‘ಒಂದು, ಎರಡು, ಮೂರು’ ಎಂದು ಎಣಿಸಿ ಮುಗಿಸುವಷ್ಟರಲ್ಲಿ ಅದು ಕಣ್ಣಿನಿಂದ ಮರೆಯಾಗಿರುತ್ತದೆ.

ಈ ಕಾರಿಗೆ ಎಂಜಿನ್ನಿಲ್ಲ, ಪೆಟ್ರೋಲ್ ಟ್ಯಾಂಕೂ ಇಲ್ಲ. ಮುಂದೊಂದು ಹಿಂದೊಂದು ವಿದ್ಯುತ್ ಮೋಟರು, ನೆಲದಡಿಯಲ್ಲಿ ಬ್ಯಾಟರಿ, ಇಷ್ಟೇ. ಬಾವಿಯ ಮೋಟರಿಗೂ ಇದರ ಮೋಟರಿಗೂ ದಾಯಾದಿ ಸಂಬಂಧ. ಆದ್ದರಿಂದ ಇದು ಸದ್ದಿಲ್ಲದೆ ಓಡಬೇಕು. ಆದರೆ ಕಂಪನಿಯ ತಂತ್ರಜ್ಞರು ಕಾರಿನ ಹಿಂಭಾಗದಲ್ಲಿ ಒಂದು ಪೆಟ್ಟಿಗೆ ಕೂರಿಸಿ, ಅದರ ಮೂಲಕ ಪೆಟ್ರೋಲ್ ಎಂಜಿನ್ನಿನಂಥ ಆರ್ಭಟ ಹೊರಡುವಂತೆ ಮಾಡಿದ್ದಾರೆ. 2022ರಲ್ಲಿ ಮಾದರಿ ಕಾರನ್ನು ತೋರಿಸಿದಾಗ ಈ ಆರ್ಭಟ 126 ಡೆಸಿಬೆಲ್ ಮುಟ್ಟುತ್ತದೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಮೌನವಾಗಿ ಓಡಬಲ್ಲ ಯಂತ್ರಕ್ಕೆ ಗದ್ದಲ ಕಲಿಸುವ ಈ ಹುಚ್ಚು ಏಕೆ? ಅದು ಅರ್ಥವಾಗಬೇಕಾದರೆ ಅರವತ್ತು ವರ್ಷ ಹಿಂದಕ್ಕೆ, ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಹೋಗಬೇಕು.

ಪುಟ್ಟ ಕಾರು, ದೊಡ್ಡ ಎಂಜಿನ್ನು

ಡೆಟ್ರಾಯಿಟ್ ಎಂದರೆ ಅಮೆರಿಕದ ಕಾರು ಉದ್ಯಮದ ತವರು. ಅಲ್ಲಿನ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿ ಒಂದು ಕಟ್ಟಳೆಯಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಕೂಡದು. ಅದೇ ಸಂಸ್ಥೆಯ ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಈ ಕಟ್ಟಳೆಯಲ್ಲೊಂದು ಸಂದು ಕಂಡುಹಿಡಿದ. ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ‘ಗಿರಾಕಿ ಕೇಳಿದರೆ ಮಾತ್ರ ಜೋಡಿಸಿಕೊಡುವ ಹೆಚ್ಚುವರಿ ಸೌಲಭ್ಯ’ ಎಂದು ಪಟ್ಟಿಯಲ್ಲಿ ಸೇರಿಸಿಬಿಟ್ಟ. ಎಂಟು ಮಾರುತಿ 800 ಕಾರುಗಳ ಎಂಜಿನ್ನುಗಳನ್ನು ಒಟ್ಟುಗೂಡಿಸಿದರೆ ಎಷ್ಟಾಗುತ್ತದೋ ಅಷ್ಟು ದೊಡ್ಡದು ಅದು. 1964ರಲ್ಲಿ ಹೀಗೆ ಹುಟ್ಟಿದ್ದು ‘ಪಾಂಟಿಯಾಕ್ ಜಿ.ಟಿ.ಓ.’ ಐದು ಸಾವಿರ ಮಾರಾಟವಾದರೆ ಹೆಚ್ಚು ಎಂದುಕೊಂಡಿದ್ದರು. ಮೊದಲ ವರ್ಷವೇ 32 ಸಾವಿರಕ್ಕೂ ಹೆಚ್ಚು ಹೋದವು.

ಕೊಂಡವರು ಹೆಚ್ಚಾಗಿ ಹರೆಯದವರು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳ ದೊಡ್ಡ ಪೀಳಿಗೆ ಆಗಷ್ಟೇ ಪ್ರಾಯಕ್ಕೆ ಬರುತ್ತಿತ್ತು. ಕೈಯಲ್ಲಿ ಕಾಸಿತ್ತು. ಪೆಟ್ರೋಲು ಒಂದು ಗ್ಯಾಲನ್‌ಗೆ ಮೂವತ್ತು ಸೆಂಟಿನ ಆಸುಪಾಸು, ಹೆಚ್ಚು ಕಡಿಮೆ ನೀರಿನ ಬೆಲೆ. 1964ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ‘ಮಸ್ಟಾಂಗ್’ ತಂದಿತು. ಅದರ ಬೆನ್ನಿಗೆ ಶೆವರ್ಲೆಯ ‘ಕಮಾರೊ’, ಡಾಡ್ಜ್‌ನ ‘ಚಾರ್ಜರ್’ ಮತ್ತು ‘ಚಾಲೆಂಜರ್’ ಬಂದವು. ಕ್ರೈಸ್ಲರ್ ಸಂಸ್ಥೆಯ ‘ಹೆಮಿ’ ಎಂಜಿನ್ 7 ಲೀಟರು, 425 ಅಶ್ವಶಕ್ತಿ. ಈ ಜಾತಿಯ ಕಾರುಗಳಿಗೆ ‘ಮಸಲ್ ಕಾರ್’ ಎಂದು ಹೆಸರು ಬಿತ್ತು. ಮಸಲ್ ಎಂದರೆ ಮಾಂಸಖಂಡ. ನಾವು ಪೈಲ್ವಾನ ಕಾರು ಎನ್ನೋಣ. ಗರಡಿಮನೆಯ ಹುಡುಗನ ಹಾಗೆ ಎದೆಯುಬ್ಬಿಸಿ ನಿಲ್ಲುವ, ನಯ ನಾಜೂಕು ಕಡಿಮೆಯಿರುವ, ನೇರ ದಾರಿಯಲ್ಲಿ ನುಗ್ಗುವುದೊಂದೇ ಗೊತ್ತಿರುವ ಕಾರು ಅದು. ತಿರುವಿನಲ್ಲಿ ಹಿಡಿತ ಸಾಲದು, ಅಂದಿನ ಬ್ರೇಕುಗಳೂ ಅಷ್ಟಕ್ಕಷ್ಟೇ. ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಸಂಜೆಯಾಯಿತೆಂದರೆ ಒಂದು ಸಿಗ್ನಲ್ ದೀಪದಿಂದ ಇನ್ನೊಂದಕ್ಕೆ ಪಂತ ಕಟ್ಟಿ ಓಡಿಸುವವರ ಜಾತ್ರೆ.

ಎಲ್ಲಕ್ಕಿಂತ ಮಿಗಿಲಾಗಿ ಅದರ ಸದ್ದು. ಎಂಟು ಸಿಲಿಂಡರುಗಳಲ್ಲಿ ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ ವಾಲಿಕೊಂಡು ಇಂಗ್ಲಿಷಿನ ‘ವಿ’ ಅಕ್ಷರದಂತೆ ಕುಳಿತಿರುತ್ತವೆ. ಎಂಜಿನ್ನಿನ ದಂಡ ಒಂದು ಸುತ್ತು ಸುತ್ತುವಷ್ಟರಲ್ಲಿ ನಾಲ್ಕು ಸಿಲಿಂಡರುಗಳಲ್ಲಿ ಪೆಟ್ರೋಲು ಉರಿಯುತ್ತದೆ. ನಿಮಿಷಕ್ಕೆ ಆರು ಸಾವಿರ ಸುತ್ತು ಎಂದರೆ ಸೆಕೆಂಡಿಗೆ ನಾನೂರು ಸಿಡಿತ. ಒಟ್ಟಾರೆ ಲೆಕ್ಕದಲ್ಲಿ ಈ ಸಿಡಿತಗಳು ಸಮ ಅಂತರದಲ್ಲೇ ಬಂದರೂ ಒಂದೊಂದು ಬದಿಯ ನಾಲ್ಕನ್ನು ಬೇರೆಯಾಗಿ ಕೇಳಿದರೆ ತಾಳ ತಪ್ಪಿದಂತಿರುತ್ತದೆ. ಆ ತಪ್ಪಿದ ತಾಳವೇ ಅಮೆರಿಕದ ‘ವಿ-8’ ಎಂಜಿನ್ನಿನ ಪ್ರಸಿದ್ಧ ಗುಡುಗು. ಒಂದಿಡೀ ಪೀಳಿಗೆ ಶಕ್ತಿ ಎಂದರೆ ಈ ಗುಡುಗೇ ಎಂದು ನಂಬಿ ಬೆಳೆಯಿತು.

ಎಣ್ಣೆ ನಿಂತಾಗ

ಪೈಲ್ವಾನನ ಮೆರೆದಾಟ ಹತ್ತು ವರ್ಷವೂ ನಡೆಯಲಿಲ್ಲ. ಮೊದಲು ವಿಮಾ ಕಂಪನಿಗಳು ಹುಡುಗರ ಕಾರುಗಳಿಗೆ ಕಂತು ಏರಿಸಿದವು. 1970ರಲ್ಲಿ ಅಮೆರಿಕದ ಸಂಸತ್ತು ಶುದ್ಧ ಗಾಳಿಯ ಕಾಯಿದೆ ಮಾಡಿ, ಕಾರಿನ ಹೊಗೆಯಲ್ಲಿನ ವಿಷಾನಿಲಗಳು ಶೇ. 90ರಷ್ಟು ಕಡಿಮೆಯಾಗಬೇಕೆಂದು ವಿಧಿಸಿತು. ಕೊನೆಯ ಪೆಟ್ಟು 1973ರ ಅಕ್ಟೋಬರ್‌ನಲ್ಲಿ. ಇಸ್ರೇಲ್ ಯುದ್ಧದ ಹಿನ್ನೆಲೆಯಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನೇ ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಮೈಲುಗಟ್ಟಲೆ ಸಾಲು. 1975ರಲ್ಲಿ ಇಷ್ಟು ಪೆಟ್ರೋಲಿಗೆ ಇಷ್ಟು ದೂರ ಓಡಲೇಬೇಕೆಂಬ ಕಾನೂನೂ ಬಂತು. ಅದೇ ವರ್ಷ 5.7 ಲೀಟರಿನ ಎಂಜಿನ್ ಹೊತ್ತ ಶೆವರ್ಲೆ ಕಾರ್ವೆಟ್‌ನ ಸಾಮಾನ್ಯ ಮಾದರಿ ನೀಡುತ್ತಿದ್ದುದು ಬರೀ 165 ಅಶ್ವಶಕ್ತಿ. ಪೈಲ್ವಾನನಿಗೆ ಪಥ್ಯದೂಟ!

ಆದರೆ ಇದೇ ಎಣ್ಣೆ ಬಿಕ್ಕಟ್ಟು ಮತ್ತೊಂದು ಬೀಜವನ್ನೂ ಬಿತ್ತಿತು. ಎಣ್ಣೆ ಮುಗಿದುಹೋದರೆ ಮುಂದೇನು ಎಂಬ ಚಿಂತೆ ಎಣ್ಣೆ ಕಂಪನಿಗಳಿಗೇ ಹತ್ತಿಕೊಂಡಿತ್ತು. ಅಂಥ ಒಂದು ಕಂಪನಿ ಎಕ್ಸಾನ್. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಲಿಥಿಯಂ ಎಂಬ ಅತಿ ಹಗುರ ಲೋಹವನ್ನು ಬಳಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ರೂಪಿಸಿದರು. ಮುಂದೆ ಜಾನ್ ಗುಡಿನಫ್ ಅದನ್ನು ಬಲಪಡಿಸಿದರು, ಜಪಾನಿನ ಅಕಿರಾ ಯೋಶಿನೊ ಸುರಕ್ಷಿತಗೊಳಿಸಿದರು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಈ ಮೂವರಿಗೂ ಸಂದಿತು. ನಿಮ್ಮ ಮನೆಯ ಮೊಬೈಲ್ ಫೋನಿನಲ್ಲಿರುವುದು ಅದೇ ಸಂತತಿಯ ಬ್ಯಾಟರಿ. ಚಾರ್ಜರ್ ಡೇಟೋನಾದ ಹೊಟ್ಟೆಯಲ್ಲಿರುವುದೂ ಅದೇ. ಹಳೆಯ ಪೈಲ್ವಾನನನ್ನು ಮಲಗಿಸಿದ ಬಿಕ್ಕಟ್ಟೇ ಹೊಸ ಪೈಲ್ವಾನನ ಅನ್ನದ ಬುತ್ತಿಯನ್ನೂ ಕಟ್ಟಿತು ಎನ್ನಬಹುದು.

ನಡುವೆ ಹಳೆಯ ಪೈಲ್ವಾನ ಮತ್ತೊಮ್ಮೆ ಎದ್ದು ಕುಳಿತಿದ್ದುಂಟು. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ವ್ಯವಸ್ಥೆ ಬಂದ ಮೇಲೆ ಹೊಗೆ ತಗ್ಗಿಸಿಯೂ ಶಕ್ತಿ ಹೆಚ್ಚಿಸಲು ಸಾಧ್ಯವಾಯಿತು. 2015ರ ಚಾಲೆಂಜರ್ ‘ಹೆಲ್‌ಕ್ಯಾಟ್’ 707 ಅಶ್ವಶಕ್ತಿ ಮುಟ್ಟಿತು. 2023ರ ‘ಡೀಮನ್ 170’ ಸಾವಿರವನ್ನೂ ದಾಟಿ 1,025ಕ್ಕೆ ಹೋಯಿತು. ಅದು ಆರುವ ದೀಪದ ಕೊನೆಯ ಬೆಳಕು. 2023ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರ್ಯಾಂಪ್ಟನ್ ಕಾರ್ಖಾನೆಯಲ್ಲಿ ಆ ಚಾಲೆಂಜರ್ ಮತ್ತು ಚಾರ್ಜರ್‌ಗಳ ತಯಾರಿಕೆ ನಿಂತಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಕಮಾರೊ ಕೂಡ ನಿಂತಿತು.

ಮೋಟರಿನ ಗುಟ್ಟು

ವಿದ್ಯುತ್ ಕಾರು ವೇಗದಲ್ಲಿ ಹಿಂದೆ ಎಂಬ ಭಾವನೆ ಬಹುಕಾಲ ಇತ್ತು. ಆದರೆ ಗಂಟೆಗೆ ನೂರು ಕಿಲೋಮೀಟರ್ ದಾಟಿದ ಪ್ರಪಂಚದ ಮೊದಲ ಕಾರು ವಿದ್ಯುತ್ತಿನದೇ! 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಪ್ಯಾರಿಸ್ ಸಮೀಪ ಅದನ್ನು ಓಡಿಸಿದ. ಹಾಗಿದ್ದರೂ ಪೆಟ್ರೋಲ್ ಕಾರು ಗೆದ್ದದ್ದು ಹೇಗೆ? ಮೊದಲೆಲ್ಲ ಅದರ ಎಂಜಿನ್ ಚಾಲೂ ಮಾಡಲು ಕಬ್ಬಿಣದ ಹಿಡಿಕೆ ಹಾಕಿ ತಿರುವಬೇಕಿತ್ತು. ಎಷ್ಟೋ ಜನರ ಕೈ ಮುರಿಯುತ್ತಿತ್ತು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಒಂದು ಪುಟ್ಟ ಸ್ಟಾರ್ಟರ್ ಮೋಟರು ಜೋಡಿಸಿದ ಮೇಲೆ ಆ ಕಷ್ಟ ತಪ್ಪಿತು. ವಿದ್ಯುತ್ ಕಾರನ್ನು ಸೋಲಿಸಲು ಪೆಟ್ರೋಲ್ ಕಾರಿಗೆ ನೆರವಾದದ್ದು ವಿದ್ಯುತ್ ಮೋಟರೇ.

ಆ ಸ್ಟಾರ್ಟರ್ ಏಕೆ ಬೇಕಾಯಿತು ಎಂದು ಯೋಚಿಸಿದರೆ ಇಡೀ ಕಥೆಯ ತಿರುಳು ಸಿಗುತ್ತದೆ. ನಿಂತಿರುವ ಪೆಟ್ರೋಲ್ ಎಂಜಿನ್ನಿಗೆ ಯಾವ ಬಲವೂ ಇಲ್ಲ. ಅದು ತಿರುಗುತ್ತಿದ್ದರೆ ಮಾತ್ರ ಗಾಳಿ ಎಳೆದುಕೊಂಡು ಪೆಟ್ರೋಲು ಉರಿಸೀತು. ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ಏರಿದ ಮೇಲೆಯೇ ಅದರ ಪೂರ್ಣ ತಿರುಗುಬಲ. ಅಲ್ಲಿಯವರೆಗೆ ಕ್ಲಚ್ಚು, ಗೇರುಗಳ ಸರ್ಕಸ್ಸು. ವಿದ್ಯುತ್ ಮೋಟರು ಇದಕ್ಕೆ ತದ್ವಿರುದ್ಧ. ನಿಂತಲ್ಲಿಯೇ ಅದಕ್ಕೆ ಪೂರ್ಣ ಬಲ.

ಹಳ್ಳಿಯಲ್ಲಿ ಪಂಪ್‌ಸೆಟ್ ಚಾಲೂ ಮಾಡಿದ ಕ್ಷಣ ಮನೆಯ ದೀಪ ಮಂಕಾಗುವುದನ್ನು ನೀವು ನೋಡಿರಬಹುದು. ನಿಂತ ಮೋಟರು ಮೊದಲ ಕ್ಷಣದಲ್ಲಿ ಭಾರೀ ವಿದ್ಯುತ್ತನ್ನು ಸೆಳೆದುಕೊಳ್ಳುತ್ತದೆ. ತಿರುಗತೊಡಗಿದ ಮೇಲೆ ಅದರ ಸುರುಳಿಯಲ್ಲೇ ಒಂದು ಎದುರು ವೋಲ್ಟೇಜು ಹುಟ್ಟಿ ಒಳಬರುವ ವಿದ್ಯುತ್ತಿಗೆ ತಡೆಯೊಡ್ಡುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆಟಿಕೆಯ ಚಿಕ್ಕ ಮೋಟರು, ಎರಡು ಪೆನ್ಸಿಲ್ ಸೆಲ್ಲು ಮತ್ತು ಒಂದು ಟಾರ್ಚ್ ಬಲ್ಬನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿ. ಬಲ್ಬು ತಂತಿಯುರಿಯುವ ಹಳೆಯ ಬಗೆಯದಾಗಿರಲಿ. ಮೋಟರು ಸಲೀಸಾಗಿ ತಿರುಗುವಾಗ ಬಲ್ಬು ಮಂಕು. ಅದರ ಕಡ್ಡಿಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಬಲ್ಬು ಬೆಳಗುತ್ತದೆ. ಬೆರಳಿಗೆ ತಾಗುವ ಆ ಒದ್ದಾಟವೇ ವಿದ್ಯುತ್ ಕಾರು ಹೊರಡುವಾಗಿನ ನೆಗೆತದ ಮೂಲ. ಕಾರಿನಲ್ಲಿ ವಿದ್ಯುತ್ತು ಎಷ್ಟು ಹರಿಯಬೇಕೆಂಬುದನ್ನು ಎಲೆಕ್ಟ್ರಾನಿಕ್ ನಿಯಂತ್ರಕ ಕ್ಷಣಕ್ಷಣಕ್ಕೂ ಅಳೆದು ಕೊಡುತ್ತದೆ. ಅಷ್ಟೇ ವ್ಯತ್ಯಾಸ.

ಈ ಗುಟ್ಟನ್ನು ದೊಡ್ಡ ಕಂಪನಿಗಳಿಗಿಂತ ಮೊದಲೇ ಬಳಸಿ ತೋರಿಸಿದವರು ಷೆಡ್ಡಿನಲ್ಲಿ ಸ್ಪಾನರ್ ಹಿಡಿದ ಹವ್ಯಾಸಿಗಳು. ಆರಿಗನ್ ರಾಜ್ಯದ ಜಾನ್ ವೇಲ್ಯಾಂಡ್ 1972ರ ಪುಟ್ಟ ಡಾಟ್ಸನ್ ಕಾರಿನ ಎಂಜಿನ್ ಕಿತ್ತುಹಾಕಿ, ಮೋಟರು ಮತ್ತು ಬ್ಯಾಟರಿ ತುಂಬಿ ಅದಕ್ಕೆ ‘ವೈಟ್ ಜಾಂಬಿ’ ಎಂದು ಹೆಸರಿಟ್ಟ. ನಾನೂರು ಮೀಟರಿನ ನೇರ ಓಟದ ಪಂದ್ಯಗಳಲ್ಲಿ ಆ ಬಡಕಲು ಕಾರು ಗುಡುಗುವ ವಿ-8 ಕಾರುಗಳನ್ನು ಹಿಂದೆ ಹಾಕಿ ಪ್ರೇಕ್ಷಕರನ್ನು ಬೆರಗಾಗಿಸಿತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಅಲ್ಲಿ ಕಣ್ಣೆದುರೇ ನಿಜವಾಯಿತು. ಆಮೇಲೆ ಟೆಸ್ಲಾ ಬಂತು. 2021ರ ಅದರ ‘ಮಾಡೆಲ್ ಎಸ್ ಪ್ಲೇಡ್’ ಮನೆಮಂದಿ ಕೂತು ಹೋಗುವ ನಾಲ್ಕು ಬಾಗಿಲಿನ ಕಾರು. ಅಶ್ವಶಕ್ತಿ ಮಾತ್ರ 1,020.

ಒಂದು ಲೋಟ ಪೆಟ್ರೋಲು

ಈಗ ಒಂದು ಲೆಕ್ಕ. ಚಾರ್ಜರ್ ಡೇಟೋನಾದ ತೂಕ ಸುಮಾರು 2,650 ಕಿಲೋಗ್ರಾಂ. ಅದು ಗಂಟೆಗೆ ನೂರು ಕಿಲೋಮೀಟರ್, ಅಂದರೆ ಸೆಕೆಂಡಿಗೆ 27.8 ಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಎಷ್ಟು? ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಸುಮಾರು ಹತ್ತು ಲಕ್ಷ ಜೂಲ್ ಬರುತ್ತದೆ. ನಮ್ಮ ಮನೆಯ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಎಂದರೆ ಅಷ್ಟು ದೊಡ್ಡ ಕಾರನ್ನು ಆ ವೇಗಕ್ಕೆ ಏರಿಸಲು, ಮೋಟರು ಮತ್ತು ತಂತಿಗಳಲ್ಲಿ ಸೋರುವುದನ್ನು ಸೇರಿಸಿದರೂ, ಮೂರನೇ ಒಂದು ಯೂನಿಟ್ ವಿದ್ಯುತ್ ಸಾಕು.

ಅಷ್ಟೇ ತೂಕದ ಪೆಟ್ರೋಲ್ ಕಾರಾದರೆ? ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವುದು ಸುಮಾರು 320 ಲಕ್ಷ ಜೂಲ್. ಆದರೆ ಅದರಲ್ಲಿ ಚಕ್ರ ಮುಟ್ಟುವುದು ಶೇ. 20ರಿಂದ 30. ಮಿಕ್ಕದ್ದು ರೇಡಿಯೇಟರಿನ ಬಿಸಿಯಾಗಿ, ಹೊಗೆನಳಿಗೆಯ ಕಾವಾಗಿ ಹೋಗುತ್ತದೆ. ಆದ್ದರಿಂದ ಅದೇ ಓಟಕ್ಕೆ ಒಂದು ಸಣ್ಣ ಲೋಟದಷ್ಟು, ಸುಮಾರು 125 ಮಿಲಿಲೀಟರ್ ಪೆಟ್ರೋಲು ಬೇಕು. ಲೋಟದ ಮುಕ್ಕಾಲು ಪಾಲು ಬಿಸಿಗಾಳಿಯ ಪಾಲು. ಆ ಹೊಗೆ ನಳಿಗೆಯಿಂದ ಹೊಡೆದುಕೊಂಡು ಹೊರಬರುವಾಗಿನ ಸದ್ದೇ ಪ್ರಸಿದ್ಧವಾದ ಆ ಗುಡುಗು. ಶಕ್ತಿಯ ಗುರುತೆಂದು ಹುಡುಗರು ಆರಾಧಿಸಿದ್ದು ಪೋಲಾಗುತ್ತಿದ್ದ ಶಕ್ತಿಯ ಸದ್ದನ್ನು.

ಹಾಗೆಂದು ವಿದ್ಯುತ್ ಕಾರಿಗೆ ದೋಷವಿಲ್ಲವೆಂದಲ್ಲ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು ಹನ್ನೆರಡು ಯೂನಿಟ್ ಶಕ್ತಿಯಿದ್ದರೆ, ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಒಂದು ಯೂನಿಟ್ಟಿನ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ. ಆದ್ದರಿಂದಲೇ ಬ್ಯಾಟರಿಯ ಹೊರೆ. 1964ರ ಜಿ.ಟಿ.ಓ. ಒಂದೂವರೆ ಟನ್ನಿಗೆ ಸ್ವಲ್ಪ ಹೆಚ್ಚಿತ್ತು, ಇಂದಿನ ಪೈಲ್ವಾನ ಅದಕ್ಕಿಂತ ಒಂದು ಟನ್ ಭಾರ. ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೂ ಇದೆ. ಕಲ್ಲಿದ್ದಲು ಸುಟ್ಟು ಚಾರ್ಜ್ ಮಾಡಿದರೆ ಹೊಗೆ ಊರಾಚೆಗೆ ಸಾಗುತ್ತದೆ, ಇಲ್ಲವಾಗುವುದಿಲ್ಲ. ಅಮೆರಿಕದ ಗಿರಾಕಿಗಳ ಮನಸ್ಸೂ ಇನ್ನೂ ತೂಗುಯ್ಯಾಲೆಯಲ್ಲಿದೆ. 2024ರಲ್ಲಿ ಅಲ್ಲಿ ಪೆಟ್ರೋಲ್ ಮಸ್ಟಾಂಗ್‌ಗಿಂತ ಅದೇ ಹೆಸರು ಹೊತ್ತ ವಿದ್ಯುತ್ ಕಾರು ‘ಮಸ್ಟಾಂಗ್ ಮ್ಯಾಕ್-ಇ’ ಹೆಚ್ಚು ಮಾರಾಟವಾಯಿತು. ಆದರೆ 2025ರ ಸೆಪ್ಟೆಂಬರ್ 30ಕ್ಕೆ ವಿದ್ಯುತ್ ಕಾರು ಕೊಳ್ಳುವವರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ನಿಂತಿತು. ಡಾಡ್ಜ್ ಕಂಪನಿ ಹೊಸ ಚಾರ್ಜರ್‌ನಲ್ಲೇ ಆರು ಸಿಲಿಂಡರಿನ ಪೆಟ್ರೋಲ್ ಮಾದರಿಯನ್ನೂ ತಂದಿದೆ. ಒಂದು ದೇಶದ ಅಭಿರುಚಿ ಬದಲಾಗುವುದು ಎಂಜಿನ್ ಬದಲಾಯಿಸಿದಷ್ಟು ಸುಲಭವಲ್ಲ.

ಸದ್ದು ಹೇಳುತ್ತಿದ್ದ ಎಚ್ಚರಿಕೆ

ಈ ಬದಲಾವಣೆಯಲ್ಲಿ ತಂದೆತಾಯಂದಿರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹಳೆಯ ಎಂಜಿನ್ನಿನ ಆರ್ಭಟ ಪೋಲಾದ ಶಕ್ತಿಯಾಗಿದ್ದರೂ ಅದಕ್ಕೊಂದು ಉಪಯೋಗವಿತ್ತು. ವೇಗ ಏರಿದಂತೆ ಸದ್ದು ಏರುತ್ತಿತ್ತು, ಕಾರು ನಡುಗುತ್ತಿತ್ತು, ಗೇರು ಬದಲಿಸಬೇಕಾಗುತ್ತಿತ್ತು. ‘ಮಿತಿ ಮೀರುತ್ತಿದ್ದೀಯೆ’ ಎಂದು ಯಂತ್ರವೇ ಓಡಿಸುವವನ ಕಿವಿಯಲ್ಲಿ ಕೂಗುತ್ತಿತ್ತು. ರಸ್ತೆ ದಾಟುವವರಿಗೂ ಅದು ಕೇಳುತ್ತಿತ್ತು. ವಿದ್ಯುತ್ ವಾಹನ ಹಾಗೆ ಕೂಗುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತೇವೆ. ಇದು ಬೊಗಳದೆ ಹಾರುವ ಜಾತಿ. ಇದನ್ನರಿತೇ ಅಮೆರಿಕದಲ್ಲಿ ವಿದ್ಯುತ್ ಕಾರುಗಳು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದವರೆಗೆ, ಯೂರೋಪಿನಲ್ಲಿ 20 ಕಿಲೋಮೀಟರ್‌ವರೆಗೆ ಕೃತಕ ಸದ್ದು ಮಾಡಲೇಬೇಕೆಂದು ನಿಯಮ ಮಾಡಿದ್ದಾರೆ. ಕಣ್ಣು ಕಾಣದವರಿಗೆ ಅದೊಂದೇ ಸುಳಿವು. ಈ ಮೆಲುದನಿಗೂ ಡಾಡ್ಜ್‌ನವರ ಆರ್ಭಟಕ್ಕೂ ಇರುವ ಅಂತರ ಗಮನಿಸಿ. ಮೊದಲನೆಯದು ಪರರ ಪ್ರಾಣಕ್ಕಾಗಿ, ಎರಡನೆಯದು ತನ್ನ ಮೆರೆದಾಟಕ್ಕಾಗಿ.

ನಮ್ಮ ಊರುಗಳಲ್ಲಿ ಏಳೆಂಟು ನೂರು ಅಶ್ವಶಕ್ತಿಯ ಕಾರುಗಳು ಅಪರೂಪ. ಆದರೆ ಬೈಕಿನ ಸೈಲೆನ್ಸರ್ ಬದಲಾಯಿಸಿ ಬೀದಿ ನಡುಗಿಸುವ ಹುಡುಗರು ಎಲ್ಲ ಕಡೆ ಇದ್ದಾರೆ. ಕೈ ತಿರುವಿದೊಡನೆ ನೆಗೆಯುವ ವಿದ್ಯುತ್ ಸ್ಕೂಟರುಗಳೂ ಮನೆಮನೆಗೆ ಬರುತ್ತಿವೆ. ಶಬ್ದವಿಲ್ಲ, ಹೊಗೆಯಿಲ್ಲ, ಪಾಪದ ವಾಹನ ಎಂದು ಹದಿನಾಲ್ಕು ಹದಿನೈದರ ಮಕ್ಕಳ ಕೈಗೆ ಕೀಲಿ ಕೊಡುವ ಮುನ್ನ ಯೋಚಿಸಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಕಾಯಿದೆಯ ಮಾತು ಹಾಗಿರಲಿ, ವೇಗ ಎರಡು ಪಟ್ಟಾದರೆ ಅಪ್ಪಳಿಸುವ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಭೌತವಿಜ್ಞಾನದ ನಿಯಮಕ್ಕೆ ತಿದ್ದುಪಡಿಯೇ ಇಲ್ಲ.

ಮಕ್ಕಳಿಗೆ ವಾಹನಗಳ ಮೇಲಿರುವ ಮೋಹವನ್ನು ಹತ್ತಿಕ್ಕಬೇಕೆಂದು ಇದರರ್ಥವಲ್ಲ. 1990ರಲ್ಲಿ ಡೆಟ್ರಾಯಿಟ್ ಸಮೀಪದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೌರಶಕ್ತಿಯ ಕಾರೊಂದನ್ನು ತಾವೇ ಕಟ್ಟಿ, ಅಮೆರಿಕದ ಕಾಲೇಜುಗಳ ನಡುವಿನ ಸ್ಪರ್ಧೆಯಲ್ಲಿ ಮೊದಲಿಗರಾದರು. ಆ ತಂಡದಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ, ಹೆಸರು ಚೇತನ್ ಮೈನಿ. ಮುಂದೆ ಅವರೇ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ರೂಪಿಸಿ 2001ರಲ್ಲಿ ರಸ್ತೆಗಿಳಿಸಿದರು. ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. ಪೈಲ್ವಾನನ ಪಕ್ಕದಲ್ಲಿ ನಿಲ್ಲಿಸಿದರೆ ನಗು ಬರುವಷ್ಟು ಚಿಕ್ಕದು, ವೇಗವೂ ಕಡಿಮೆ. ಆದರೆ ಟೆಸ್ಲಾದ ಮೊದಲ ಕಾರು 2008ರಲ್ಲಿ ಬರುವುದಕ್ಕೆ ಏಳು ವರ್ಷ ಮೊದಲೇ ಗಿರಾಕಿಗಳ ಕೈಸೇರಿತ್ತು.

ಮಗನೋ ಮಗಳೋ ಕಾರು, ಬೈಕು ಎಂದು ಹಂಬಲಿಸುತ್ತಿದ್ದರೆ ಗದರಿಸುವ ಬದಲು ಒಂದು ಆಟಿಕೆಯ ಮೋಟರು, ನಾಲ್ಕು ತಂತಿ, ಒಂದು ಸ್ಕ್ರೂಡ್ರೈವರ್ ಕೊಟ್ಟು ನೋಡಿ. ಕಾರಿನ, ಸ್ಕೂಟರಿನ ಬ್ಯಾಟರಿಗೆ ಮಾತ್ರ ಕೈಹಾಕಗೊಡಬೇಡಿ, ಕಾರಿನ ಬ್ಯಾಟರಿಯ ನಾನೂರು ವೋಲ್ಟು ಪ್ರಾಣ ತೆಗೆದೀತು. ಎರಡು ಪೆನ್ಸಿಲ್ ಸೆಲ್ಲಿನಿಂದ ಶುರುವಾಗಲಿ. ಬಲ್ಬು ಏಕೆ ಮಂಕಾಯಿತು, ಏಕೆ ಬೆಳಗಿತು ಎಂದು ಮಕ್ಕಳು ಕೇಳತೊಡಗಿದರೆ ಸೈಲೆನ್ಸರ್ ಬಿಚ್ಚಿ ಬೀದಿ ಸುತ್ತಲು ಅವರಿಗೆ ಪುರುಸೊತ್ತು ಸಿಗುವುದು ಕಡಿಮೆ.